ಕಳೆಯಿಲ್ಲದ ಗೆಲುವು

ಆಟದ ಸುದ್ದಿಯನ್ನು ಕೇಳುವ ನಮ್ಮ ರೂಢಿ ಬಹುಮಟ್ಟಿಗೆ ಒಂದೇ ಪ್ರಶ್ನೆಯಲ್ಲಿ ಮುಗಿದುಹೋಗುತ್ತದೆ: ಗೆದ್ದವರು ಯಾರು? ಉತ್ತರ ದೊರೆತ ಕೂಡಲೆ ಕೇಳಿದವರಿಗೆ ತೃಪ್ತಿ, ಹೇಳಿದವರಿಗೆ ಬಿಡುಗಡೆ. ಆದರೆ ಅಂಗಳದ ಅಂಚಿನಲ್ಲಿ ನಿಂತು ಆಟವನ್ನು ಮೊದಲಿನಿಂದ ಕಡೆಯವರೆಗೆ ನೋಡಿದವರ ಮನಸ್ಸಿನಲ್ಲಿ ಒಮ್ಮೊಮ್ಮೆ ಇನ್ನೊಂದು ಪ್ರಶ್ನೆ ಉಳಿದಿರುತ್ತದೆ. ತಂಡವೇನೋ ಗೆದ್ದಿತು, ಗೆಲ್ಲುವಂತೆ ಆಡಿತೇ? ಕಾಲುಗಳಲ್ಲಿ ಚುರುಕಿರಲಿಲ್ಲ, ಒಬ್ಬರು ಇನ್ನೊಬ್ಬರನ್ನು ಕೂಗಿ ಕರೆಯಲಿಲ್ಲ, ಚೆಂಡು ಕೈಯಿಂದ ಕೈಗೆ ಬೇಸರದಿಂದ ಹೋದಂತಿತ್ತು. ಹಾಗಿದ್ದರೂ ಅಂಕದ ಹಲಗೆಯ ಮೇಲೆ ನಾಲ್ಕು ಅಂಕ ಹೆಚ್ಚು. ಇಂತಹ ಗೆಲುವನ್ನು ಕಳೆಯಿಲ್ಲದ ಗೆಲುವೆಂದು ಕರೆಯೋಣ. ಇದನ್ನು ಮೆಚ್ಚಬೇಕೇ, ಅನುಮಾನಿಸಬೇಕೇ, ಮರೆತುಬಿಡಬೇಕೇ ಎಂಬುದು ಈ ಹೊತ್ತಿನ ನಮ್ಮ ವಿಚಾರ. ಉದಾಹರಣೆಗಾಗಿ ಬಾಸ್ಕೆಟ್‌ಬಾಲ್ ಆಟವನ್ನೂ, ಹಿನ್ನೆಲೆಗಾಗಿ ನಮ್ಮ ಚಿತ್ರದುರ್ಗದ ಸೀಮೆಯನ್ನೂ ಆರಿಸಿಕೊಂಡಿದ್ದೇವೆ.

ಈ ಆಟದ ಪರಿಚಯವಿಲ್ಲದ ಶ್ರೋತೃಗಳಿಗಾಗಿ ಎರಡು ಮಾತು. 1891ರ ಡಿಸೆಂಬರ್ ತಿಂಗಳಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ, ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಇದನ್ನು ಕಲ್ಪಿಸಿದರು. ಚಳಿಗಾಲದಲ್ಲಿ ಬಯಲಿಗೆ ಹೋಗಲಾರದ ವಿದ್ಯಾರ್ಥಿಗಳಿಗೆ ಸೂರಿನ ಕೆಳಗೆ ಆಡಬಹುದಾದ ಆಟವೊಂದು ಬೇಕಾಗಿತ್ತು. ಅವರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ವ್ಯಾಯಾಮಶಾಲೆಯ ಮೇಲಂತಸ್ತಿನ ಕಟಕಟೆಗೆ ಬಿಗಿಸಿ, ಚೆಂಡನ್ನು ಅದರೊಳಗೆ ಹಾಕಿರೆಂದರು. ಬುಟ್ಟಿಯ ಸ್ಥಾನದಲ್ಲಿ ಕಬ್ಬಿಣದ ಬಳೆ ಬಂದಿದೆ. ಅದರ ಎತ್ತರ ನೆಲದಿಂದ 3.05 ಮೀಟರು. ಅಂಗಳದ ಉದ್ದ 28 ಮೀಟರು, ಅಗಲ 15 ಮೀಟರು. ಪಕ್ಷವೊಂದಕ್ಕೆ ಐದು ಜನ. ಹತ್ತು ಹತ್ತು ನಿಮಿಷಗಳ ನಾಲ್ಕು ಪಾದಗಳು. ಚೆಂಡು ಕೈಗೆ ಬಂದ ತಂಡವು 24 ಸೆಕೆಂಡುಗಳೊಳಗಾಗಿ ಬುಟ್ಟಿಗೆ ಎಸೆಯಲೇಬೇಕು.

ಈಗ ಹೀಗೆ ಭಾವಿಸೋಣ. ಹಿರಿಯೂರಿನ ಹೆಣ್ಣುಮಕ್ಕಳ ತಂಡವೊಂದು ಬಸ್ಸಿನಲ್ಲಿ ಹೊಸದುರ್ಗಕ್ಕೆ ಹೋಗಿ ಆಡುತ್ತದೆ, ಮೂರು ಅಂಕಗಳಿಂದ ಗೆಲ್ಲುತ್ತದೆ. ಮರುವಾರ ಹೊಳಲ್ಕೆರೆಯ ತಂಡವನ್ನು ಎರಡು ಅಂಕಗಳಿಂದ ಸೋಲಿಸುತ್ತದೆ. ಕಡೆಗೆ ಚಿತ್ರದುರ್ಗಕ್ಕೆ ಬಂದು, ವೀರವನಿತೆ ಒನಕೆ ಓಬವ್ವನ ಹೆಸರನ್ನು ಹೊತ್ತ ಕ್ರೀಡಾಂಗಣದಲ್ಲಿ, ಅಲ್ಲಿನ ತಂಡದ ಮೇಲೂ ಹೇಗೋ ಜಯ ಸಂಪಾದಿಸುತ್ತದೆ. ಮೂರು ಆಟಗಳಲ್ಲಿ ಒಂದರಲ್ಲಿಯೂ ಹುಡುಗಿಯರ ಮುಖದಲ್ಲಿ ಕಳೆಯಿಲ್ಲ. ಊರಿಗೆ ಮರಳಿದಾಗ ಎರಡು ಬಗೆಯ ಮಾತು ಏಳುತ್ತದೆ. “ಗೆದ್ದರಲ್ಲ, ಇನ್ನೇನು ಬೇಕು?” ಎನ್ನುವವರು ಒಂದು ಗುಂಪು. ಇವರು ಗೆದ್ದೆತ್ತಿನ ಬಾಲ ಹಿಡಿಯುವವರು. “ಇದೂ ಒಂದು ಗೆಲುವೇ?” ಎಂದು ಮೂಗು ಮುರಿಯುವವರು ಇನ್ನೊಂದು ಗುಂಪು. ಮೊದಲನೆಯವರು ಆಟವನ್ನು ನೋಡುವುದಿಲ್ಲ. ಎರಡನೆಯವರು ಆಡಿದವರನ್ನು ನೋಡುವುದಿಲ್ಲ. ನಿಜವಾದ ವಿಚಾರ ಈ ಎರಡರ ನಡುವೆ ಇದೆ.

ಕಳೆಯಿಲ್ಲದೆ ಆಡಿಯೂ ತಂಡವೊಂದು ಗೆಲ್ಲುವುದು ಹೇಗೆ? ಮೂರು ಕಾರಣಗಳನ್ನು ಗುರುತಿಸಬಹುದು.

ಮೊದಲನೆಯದು ಎದುರಾಳಿಯ ದೌರ್ಬಲ್ಯ. ಹಾಳೂರಿಗೆ ಉಳಿದವನೇ ಗೌಡನೆಂಬಂತೆ, ಎದುರಿನವರು ಇನ್ನೂ ಕೆಟ್ಟದಾಗಿ ಆಡಿದರೆ ನಾವು ಗೆದ್ದೇವು. ಅಂತಹ ಜಯದಲ್ಲಿ ನಮ್ಮ ಪಾಲು ಅಲ್ಪ.

ಎರಡನೆಯದು ಅದೃಷ್ಟ. ಬಾಸ್ಕೆಟ್‌ಬಾಲಿನಲ್ಲಿ ಒಳ್ಳೆಯ ತಂಡಗಳೂ ಎಸೆದ ಚೆಂಡುಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟನ್ನು ಮಾತ್ರ ಬುಟ್ಟಿಗೆ ಸೇರಿಸುವುವು. ಬಳೆಯ ಅಂಚಿಗೆ ತಗುಲಿದ ಚೆಂಡು ಒಳಕ್ಕೆ ಉರುಳುವುದೋ ಹೊರಕ್ಕೆ ಚಿಮ್ಮುವುದೋ ಎಂಬುದು ಕೆಲವು ವೇಳೆ ಕೂದಲೆಳೆಯ ಅಂತರದಲ್ಲಿ ತೀರ್ಮಾನವಾಗುತ್ತದೆ. ದೂರದಿಂದ ಎಸೆದ ಒಂದು ಚೆಂಡಿಗೆ ಮೂರು ಅಂಕ. ಹೀಗಿರುವಾಗ ಎರಡು ಮೂರು ಅಂಕಗಳ ಜಯವೆಂಬುದು ಒಂದೇ ಒಂದು ಎಸೆತದ ಕಥೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದರೆ ಕಾಗೆಯ ಬಲವನ್ನು ಹೊಗಳಲಾಗದು.

ಮೂರನೆಯ ಕಾರಣವನ್ನು ಜನರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅದು ಅಭ್ಯಾಸಬಲ. ದೇಹ ದಣಿದಿದೆ, ಮನಸ್ಸು ಎಲ್ಲಿಯೋ ಇದೆ. ಆದರೂ ಕೈಕಾಲುಗಳು ಕಲಿತ ಪಾಠವನ್ನು ಬಿಡುವುದಿಲ್ಲ. ಎದುರಾಳಿ ಮುನ್ನುಗ್ಗಿದಾಗ ಆಟಗಾರ್ತಿ ತಾನು ನಿಲ್ಲಬೇಕಾದೆಡೆಯಲ್ಲಿಯೇ ನಿಲ್ಲುತ್ತಾಳೆ. ಬುಟ್ಟಿ ತಪ್ಪಿ ಚೆಂಡು ಪುಟಿದಾಗ ಎದುರಾಳಿಗೆ ಬೆನ್ನು ಕೊಟ್ಟು ಅವಳನ್ನು ಹೊರಗಿಡುತ್ತಾಳೆ. ಅವಸರಪಟ್ಟು ಫೌಲು ಮಾಡುವುದಿಲ್ಲ. ಇದರಲ್ಲಿ ಮಿಂಚಿಲ್ಲ, ಗುಡುಗಿಲ್ಲ. ನೋಡುವವರಿಗೆ ಸಪ್ಪೆ. ಆದರೆ ಈ ಸಪ್ಪೆಯಾದ ಕೆಲಸವೇ ಕೆಟ್ಟ ದಿನದಲ್ಲಿ ತಂಡವನ್ನು ನಿಲ್ಲಿಸುವ ಅಡಿಗಲ್ಲು.

ಈ ಮೂರನೆಯ ಬಗೆಯನ್ನು ವಿವರಿಸಲು ಹಿರಿಯೂರಿನವರಿಗೆ ಮನೆಯ ಬಾಗಿಲಿನಲ್ಲಿಯೇ ದೃಷ್ಟಾಂತವಿದೆ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರದ ಕೆಲಸ 1907ರಲ್ಲಿ ಮುಗಿಯಿತು. ಅದು 130 ಅಡಿ ತುಂಬಿ ಕೋಡಿ ಬಿದ್ದುದು 1933ರಲ್ಲಿ. ಮತ್ತೆ ಕೋಡಿ ಬಿದ್ದುದು 2022ರಲ್ಲಿ. ನಡುವೆ 89 ವರ್ಷ! ತುಂಬಿ ಹರಿಯುವುದೇ ಜಲಾಶಯದ ಸಾರ್ಥಕತೆಯಾದರೆ, ಮೂರು ತಲೆಮಾರಿನ ಜನ ಅದನ್ನು ವ್ಯರ್ಥವೆನ್ನಬೇಕಾಗಿತ್ತು. ಹಾಗೆ ಯಾರೂ ಹೇಳಲಿಲ್ಲ. ನೀರು ತೀರ ಇಳಿದು ಜನರು ಕಂಗಾಲಾದ ವರ್ಷಗಳು ಇದ್ದುವು, ನಿಜ. ಆದರೂ ಕೋಡಿ ಹರಿಯದ ಆ ಕಾಲದಲ್ಲಿಯೇ ಅದರ ನಾಲೆಗಳು ತೋಟ ಗದ್ದೆಗಳಿಗೆ ಉಣಿಸಿದುವು. ತಂಡವೊಂದು ತುಂಬಿ ತುಳುಕದ ದಿನದಲ್ಲಿಯೂ ತನ್ನ ಕರ್ತವ್ಯವನ್ನು ನೆರವೇರಿಸಿದರೆ ಅದಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಬೇಕು. ಆದರೆ ಜಲಾಶಯವನ್ನು ನೋಡಿಕೊಳ್ಳುವವರು ಪ್ರತಿದಿನವೂ ನೀರಿನ ಮಟ್ಟವನ್ನು ಅಳೆದು ಬರೆದಿಡುತ್ತಾರೆ ಎಂಬುದನ್ನೂ ಮರೆಯಬಾರದು. ನಾಲೆಯಲ್ಲಿ ನೀರು ಹರಿಯುತ್ತಿದೆ ಎಂದ ಮಾತ್ರಕ್ಕೆ ಒಳಗೆ ಎಷ್ಟಿದೆಯೆಂದು ತಿಳಿದಂತಾಗಲಿಲ್ಲ.

ಇನ್ನೊಂದು ಬಗೆಯ ಜಯವೂ ಉಂಟು. ಅಲ್ಲಿ ಜಡತೆ ದಣಿವಿನಿಂದ ಬಂದುದಲ್ಲ, ಬೇಕೆಂದೇ ಹೂಡಿದ ಉಪಾಯ. ಅಮೆರಿಕದಲ್ಲಿ 1950ರ ನವೆಂಬರ್ 22ರಂದು ಫೋರ್ಟ್ ವೇನ್ ಎಂಬ ಊರಿನ ಪಿಸ್ಟನ್ಸ್ ತಂಡ ಮಿನಿಯಾಪೊಲಿಸಿನ ಲೇಕರ್ಸ್ ತಂಡದ ಮೇಲೆ ಆಡಿತು. ಲೇಕರ್ಸ್ ಪಕ್ಷದಲ್ಲಿ ಜಾರ್ಜ್ ಮೈಕನ್ ಎಂಬ ಮಹಾಕಾಯನಾದ ಆಟಗಾರನಿದ್ದನು. ಅವನಿರುವಾಗ ಸರಿಸಮವಾಗಿ ಓಡಾಡಿ ಗೆಲ್ಲುವುದು ಕಷ್ಟವೆಂದು ಬಗೆದ ಪಿಸ್ಟನ್ಸ್ ಚೆಂಡನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕಾಲ ಕಳೆದರು. ಆಗ 24 ಸೆಕೆಂಡುಗಳ ನಿಯಮವಿರಲಿಲ್ಲ. ಪೂರ್ಣ ಆಟ ಮುಗಿದಾಗ ಪಿಸ್ಟನ್ಸ್ 19, ಲೇಕರ್ಸ್ 18. ಕೊನೆಯ ಪಾದದಲ್ಲಿ ಎರಡು ತಂಡಗಳೂ ಕೂಡಿ ಸಂಪಾದಿಸಿದ ಅಂಕಗಳು ನಾಲ್ಕೇ ನಾಲ್ಕು. ಗೆದ್ದವರು ಗೆದ್ದರು, ಯಾವ ನಿಯಮವನ್ನೂ ಮೀರಲಿಲ್ಲ. ಆದರೆ ಹಣ ಕೊಟ್ಟು ನೋಡಲು ಬಂದ ಜನಕ್ಕೆ ಇಂತಹ ಆಟ ಬೇಡವಾಯಿತು. 1954ರಲ್ಲಿ ಸಿರಾಕ್ಯೂಸ್ ತಂಡದ ಒಡೆಯನಾದ ಡ್ಯಾನಿ ಬಿಯಾಸೋನ್ ಒಂದು ಲೆಕ್ಕ ಹಾಕಿದನು. ಚೆನ್ನಾದ ಆಟದಲ್ಲಿ ಎರಡು ಪಕ್ಷಗಳೂ ಸೇರಿ ಸುಮಾರು 120 ಬಾರಿ ಎಸೆಯುವುವು, ಆಗಿನ ಆಟದ 48 ನಿಮಿಷಗಳೆಂದರೆ 2,880 ಸೆಕೆಂಡುಗಳು, ಭಾಗಿಸಿದರೆ 24. ಈ ಎಣಿಕೆಯಿಂದ ಹುಟ್ಟಿದ ಗಡಿಯಾರವೇ ಮುಂದೆ ಲೋಕದ ಆಟವನ್ನೆಲ್ಲ ಚುರುಕುಗೊಳಿಸಿತು. ಒಂದು ಜಡವಾದ ಗೆಲುವು ಒಂದು ದಿನಕ್ಕೆ ತಂಡವೊಂದನ್ನು ಕಾಪಾಡಿತು; ಆದರೆ ಆ ಮಾರ್ಗವನ್ನೇ ನಿಯಮ ಮುಚ್ಚಿಹಾಕಿತು.

ಇಷ್ಟು ಹೇಳಿದಮೇಲೆ ಕಳೆಯಿಲ್ಲದ ಗೆಲುವಿನ ನಿಜವಾದ ಅಪಾಯವೇನೆಂಬುದನ್ನು ನೋಡಬೇಕು. ಸೋತ ತಂಡಕ್ಕೆ ಪರೀಕ್ಷೆ ತಾನಾಗಿ ಒದಗುತ್ತದೆ. ಎಲ್ಲಿ ತಪ್ಪಿತು, ಯಾರನ್ನು ಬದಲಿಸಬೇಕು, ಯಾವ ಅಭ್ಯಾಸ ಸಾಲದು ಎಂದು ಎಲ್ಲರೂ ಕೇಳುತ್ತಾರೆ. ಗೆದ್ದ ತಂಡವನ್ನು ಯಾರೂ ಕೇಳುವುದಿಲ್ಲ. ಜಯವು ಬಾಯಿಗಳನ್ನು ಮುಚ್ಚಿಸುತ್ತದೆ. ಅಂಚಿನ ಬೆಂಚಿನ ಮೇಲೆ ಕುಳಿತ ಏಳನೆಯ ಎಂಟನೆಯ ಹುಡುಗಿಗೆ ಅಂಗಳಕ್ಕೆ ಇಳಿಯುವ ಅವಕಾಶ ಬರುವುದೇ ಇಲ್ಲ. ಗೆಲ್ಲುತ್ತಿರುವ ಐವರನ್ನು ಬದಲಿಸುವ ಧೈರ್ಯ ತರಬೇತುಗಾರರಿಗೆ ಹೇಗೆ ಬಂದೀತು? ಹೀಗೆ ಮೂರು ಆಟ, ಆರು ಆಟ, ಒಂದು ವರ್ಷ ಕಳೆಯುತ್ತದೆ. ಆ ಹುಡುಗಿ ಶಾಲೆಯನ್ನು ಮುಗಿಸಿ ಆಟವನ್ನೂ ಮುಗಿಸುತ್ತಾಳೆ. ಅವಳ ಈ ನಷ್ಟವನ್ನು ಯಾವ ಅಂಕದ ಹಲಗೆಯೂ ತೋರಿಸುವುದಿಲ್ಲ. ನ್ಯಾಯಸ್ಥಾನದ ವ್ಯವಹಾರವನ್ನು ಕುರಿತು ನಮ್ಮ ಹಿರಿಯರು “ಗೆದ್ದವನು ಸೋತ, ಸೋತವನು ಸತ್ತ” ಎಂದರು. ಆಟದಲ್ಲಿ ಸೋತವನು ಸಾಯುವುದಿಲ್ಲ. ಆದರೆ ಗೆದ್ದವನು ತಿಳಿಯದೆ ಸೋಲುವುದುಂಟು.

ಅದರಲ್ಲಿಯೂ ಒಬ್ಬಳ ಸಾಹಸದಿಂದ ತಂಡ ಉಳಿದ ದಿನ ಈ ಅಪಾಯ ಹೆಚ್ಚು. ಚಿತ್ರದುರ್ಗದ ಕೋಟೆಯನ್ನು ಏರಿದವರೆಲ್ಲರೂ ಓಬವ್ವನ ಕಿಂಡಿಯನ್ನು ಕಂಡಿದ್ದಾರೆ. ಹೈದರಾಲಿಯ ಸೈನಿಕರು ಆ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳಿ ಬರುತ್ತಿದ್ದರೆಂದೂ, ಕಾವಲಿನ ಗಂಡ ಊಟಕ್ಕೆ ಕುಳಿತಿದ್ದಾಗ ನೀರಿಗೆ ಬಂದ ಓಬವ್ವ ಅದನ್ನು ಕಂಡು ಒನಕೆಯಿಂದ ಅವರನ್ನು ಬಡಿದು ಕೆಡವಿದಳೆಂದೂ ಜನ ಹೇಳುತ್ತ ಬಂದಿದ್ದಾರೆ. ಆ ತಾಯಿಯ ಧೈರ್ಯವನ್ನು ನೆನೆದು ತಲೆ ಬಾಗದವರಿಲ್ಲ. ಆದರೆ ಆಟದ ಗುರುಗಳು ಈ ಕಥೆಯನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು. ಏಳು ಸುತ್ತಿನ ಕೋಟೆಯಲ್ಲಿ ಆ ಕಿಂಡಿ ಅಂದು ಹೊಸದಾಗಿ ಹುಟ್ಟಿದ್ದಲ್ಲ. ಕೋಟೆ ಶತ್ರುಗಳನ್ನು ಹಿಮ್ಮೆಟ್ಟಿಸಿದ ದಿನಗಳಲ್ಲಿಯೂ ಅದು ಅಲ್ಲಿಯೇ ಇತ್ತು. ಕಾವಲುಗಾರ ಊಟಕ್ಕೆ ಹೋದುದು ಅಪರಾಧವಲ್ಲ. ಹಸಿವು ಎಲ್ಲರಿಗೂ ಉಂಟು. ಅವನು ಹೋದಾಗ ಆ ಸ್ಥಳದಲ್ಲಿ ನಿಲ್ಲತಕ್ಕ ಎರಡನೆಯವನು ಇರಲಿಲ್ಲವೆಂಬುದೇ ನ್ಯೂನತೆ. ಓಬವ್ವ ಅಂದು ಕೋಟೆಯನ್ನು ಉಳಿಸಿದಳು. 1779ರಲ್ಲಿ ಆ ಕೋಟೆ ಹೈದರನ ವಶವಾಯಿತು. ಹಿಂದಿನ ಮುತ್ತಿಗೆಗಳನ್ನು ತಡೆದ ಕೀರ್ತಿ ಕಡೆಯ ಮುತ್ತಿಗೆಯನ್ನು ತಡೆಯಲಿಲ್ಲ.

ಬಾಸ್ಕೆಟ್‌ಬಾಲಿನ ಅಂಗಳದಲ್ಲಿಯೂ ಹೀಗೆಯೇ. ಒಬ್ಬಳು ಕಾವಲು ತಪ್ಪಿದಾಗ ಪಕ್ಕದವಳು ಅಲ್ಲಿಗೆ ಸರಿಯಬೇಕು. ಪಕ್ಕದವಳ ಜಾಗಕ್ಕೆ ಮೂರನೆಯವಳು ಬರಬೇಕು. ಇದು ನಡೆಯದೆ, ಚುರುಕಾದ ಒಬ್ಬ ಹುಡುಗಿ ಅಂಗಳದ ತುಂಬ ಓಡಾಡಿ ಎಲ್ಲ ಕಿಂಡಿಗಳನ್ನೂ ತಾನೇ ಮುಚ್ಚಿದರೆ, ಜನರ ಚಪ್ಪಾಳೆ ಅವಳಿಗೆ ಸಲ್ಲುತ್ತದೆ. ಕಿಂಡಿಗಳು ಹಾಗೆಯೇ ಉಳಿಯುತ್ತವೆ. ಅವಳ ಐದನೆಯ ಫೌಲಿಗೆ ತೀರ್ಪುಗಾರರು ಸೀಟಿ ಊದಿ ಹೊರಕ್ಕೆ ಕಳುಹಿಸಿದ ದಿನ ತಂಡದ ನಿಜಸ್ಥಿತಿ ಬಯಲಾಗುತ್ತದೆ.

ನಮ್ಮ ನಾಡಿನಲ್ಲಿಯೇ ನಡೆದ ಒಂದು ದೊಡ್ಡ ಉದಾಹರಣೆಯಿದೆ. 2017ರ ಜುಲೈ ತಿಂಗಳಲ್ಲಿ ಏಷ್ಯಾ ಖಂಡದ ಮಹಿಳೆಯರ ಬಾಸ್ಕೆಟ್‌ಬಾಲ್ ಪಂದ್ಯಾವಳಿ ಬೆಂಗಳೂರಿನಲ್ಲಿ ಜರುಗಿತು. ತಂಡಗಳನ್ನು ಮೇಲಿನ ವಿಭಾಗ ಕೆಳಗಿನ ವಿಭಾಗಗಳೆಂದು ಎರಡಾಗಿ ವಿಂಗಡಿಸಿದ್ದರು. ಕೆಳಗಿನ ವಿಭಾಗದ ಅಂತಿಮ ಪಂದ್ಯದಲ್ಲಿ ಭಾರತ ಕಜಾಕಸ್ತಾನದ ಮೇಲೆ 75ಕ್ಕೆ 73 ಅಂಕಗಳಿಂದ ಗೆದ್ದು ಮೇಲಿನ ವಿಭಾಗಕ್ಕೆ ಏರಿತು. ಮೇಲಿನ ವಿಭಾಗದ ಅಂತಿಮ ಪಂದ್ಯದಲ್ಲಿ ಜಪಾನ್ ಆಸ್ಟ್ರೇಲಿಯದ ಮೇಲೆ 74ಕ್ಕೆ 73ರಿಂದ ಗೆದ್ದಿತು. ಒಂದು ಊರು, ಒಂದು ಪಂದ್ಯಾವಳಿ. ಎರಡು ಅಂಕದ ಒಂದು ಗೆಲುವು, ಒಂದೇ ಅಂಕದ ಇನ್ನೊಂದು ಗೆಲುವು. ಈ ಆಟಗಳಲ್ಲಿ ಶ್ರಮ ಕಡಮೆಯಾಗಿತ್ತೆಂದು ನಾವು ಹೇಳುತ್ತಿಲ್ಲ; ಎರಡು ಅಂಕದ ಆ ಗೆಲುವಿಗಾಗಿ ನಮ್ಮ ಹೆಣ್ಣುಮಕ್ಕಳು ಬೆವರು ಸುರಿಸಿದ್ದರು. ನಾವು ಹೇಳುವುದು ಇಷ್ಟೆ: ಕೂದಲೆಳೆಯ ಗೆಲುವು ಯಾವ ತಂಡದ ಬಲವನ್ನೂ ತಾನಾಗಿ ಸಾರಲಾರದು, ಮುಂದಿನ ಪರೀಕ್ಷೆಯೇ ಅದನ್ನು ಸಾರಬೇಕು.

ಆ ಪರೀಕ್ಷೆ 2019ರ ಸೆಪ್ಟೆಂಬರಿನಲ್ಲಿ, ಅದೇ ಬೆಂಗಳೂರಿನಲ್ಲಿ, ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಒದಗಿತು. ಮೇಲಿನ ವಿಭಾಗದ ಎಂಟು ತಂಡಗಳಲ್ಲಿ ಭಾರತಕ್ಕೆ ಎಂಟನೆಯ ಸ್ಥಾನ ದೊರೆಯಿತು. ಜಪಾನ್ ಚೀನದ ಮೇಲೆ 71ಕ್ಕೆ 68ರಿಂದ ಗೆದ್ದು ಪದವಿಯನ್ನು ಉಳಿಸಿಕೊಂಡಿತು. ಮತ್ತೆ ಮೂರೇ ಅಂಕ! ಅದೇ ಜಪಾನ್ 2021ರಲ್ಲಿ ಟೋಕಿಯೊದಲ್ಲಿ ನಡೆದ ಒಲಿಂಪಿಕ್ಸಿನ ಅಂತಿಮ ಪಂದ್ಯದವರೆಗೆ ಹೋಗಿ, ಅಮೆರಿಕಕ್ಕೆ ಸೋತು, ಬೆಳ್ಳಿಯ ಪದಕವನ್ನು ಪಡೆಯಿತು. ಎತ್ತರದಲ್ಲಿ ಎದುರಾಳಿಗಳಿಗೆ ಸಮವಲ್ಲದ ಆ ಹೆಣ್ಣುಮಕ್ಕಳು ಬಿಡುವಿಲ್ಲದ ಓಟವನ್ನೂ ದೂರದ ಎಸೆತವನ್ನೂ ರೂಢಿಸಿಕೊಂಡಿದ್ದರು. ಅವರ ಸಣ್ಣ ಅಂತರದ ಗೆಲುವುಗಳ ಕೆಳಗೆ ದೊಡ್ಡ ಅಭ್ಯಾಸವೊಂದು ನೆಲೆಸಿತ್ತು. ಹೀಗೆ ಒಂದು ಅಂಕದ ಗೆಲುವು ಒಬ್ಬರಿಗೆ ಮೆಟ್ಟಿಲಾಯಿತು, ಎರಡು ಅಂಕದ ಗೆಲುವು ಇನ್ನೊಬ್ಬರನ್ನು ಮುಂದಿನ ಕಠಿಣ ಪರೀಕ್ಷೆಯ ಬಾಗಿಲಿಗೆ ತಂದು ನಿಲ್ಲಿಸಿತು. ಅಂಕದ ಅಂತರವನ್ನು ಮಾತ್ರ ಓದಿದವರಿಗೆ ಈ ವ್ಯತ್ಯಾಸ ತಿಳಿಯುವ ಸಂಭವವಿರಲಿಲ್ಲ.

ಹಾಗಾದರೆ ನಮ್ಮ ಸಣ್ಣ ಊರುಗಳ ತಂಡಗಳು ಮಾಡಬೇಕಾದುದೇನು? ಇದಕ್ಕೆ ಹಣ ಬೇಕಾಗಿಲ್ಲ. ಒಂದು ನೋಟುಪುಸ್ತಕ, ಒಂದು ಪೆನ್ಸಿಲು ಸಾಕು. ಆಡದೆ ಕುಳಿತ ಹುಡುಗಿಯರ ಕೈಗೆ ಅವನ್ನು ಕೊಟ್ಟು ನಾಲ್ಕು ಲೆಕ್ಕಗಳನ್ನು ಬರೆಸಬೇಕು. ಎಸೆಯುವುದಕ್ಕೆ ಮೊದಲೇ ಎಷ್ಟು ಬಾರಿ ಚೆಂಡನ್ನು ಕಳೆದುಕೊಂಡೆವು? ಬುಟ್ಟಿ ತಪ್ಪಿ ಪುಟಿದ ಚೆಂಡುಗಳಲ್ಲಿ ನಮಗೆ ಸಿಕ್ಕಿದುವೆಷ್ಟು, ಅವರಿಗೆ ಸಿಕ್ಕಿದುವೆಷ್ಟು? ಫೌಲಿಗಾಗಿ ದೊರೆತ ಬಿಡಿ ಎಸೆತಗಳಲ್ಲಿ ಒಳಗೆ ಹೋದುವೆಷ್ಟು? ಯಾರೂ ಅಡ್ಡವಿಲ್ಲದೆ ಎದುರಾಳಿ ಎಸೆದ ಚೆಂಡುಗಳೆಷ್ಟು? ಈ ಕಡೆಯ ಲೆಕ್ಕವೇ ಬಹಳ ಮುಖ್ಯ. ಎದುರಾಳಿಗೆ ಇಪ್ಪತ್ತು ಬಾರಿ ಬಾಗಿಲು ತೆರೆದಿತ್ತು, ಅವರು ಹದಿನೈದು ಬಾರಿ ಗುರಿ ತಪ್ಪಿದರು ಎಂದಾದರೆ, ನಾವು ಗೆಲ್ಲಲಿಲ್ಲ, ಅವರು ನಮಗೆ ಜಯವನ್ನು ಕೊಟ್ಟರು. ಇದಕ್ಕೆ ವಿರುದ್ಧವಾಗಿ, ಆಟ ಸಪ್ಪೆಯಾಗಿ ಕಂಡರೂ ಚೆಂಡನ್ನು ಕಳೆದುಕೊಂಡುದು ಕಡಮೆ, ಪುಟಿದ ಚೆಂಡು ನಮ್ಮ ಕೈಯಲ್ಲಿ, ಎದುರಾಳಿಗೆ ತೆರಪಿಲ್ಲ ಎಂದು ಲೆಕ್ಕ ಹೇಳಿದರೆ, ಮೂಗು ಮುರಿದವರೇ ಆಟವನ್ನು ಅರಿಯದವರು. ಗೆದ್ದ ಮರುದಿನ ಈ ಪುಸ್ತಕವನ್ನು ಸೋತ ಮರುದಿನದ ಮನಸ್ಸಿನಿಂದ ಓದಬೇಕು. ಬರೆದವಳೇ ಓದಿ ಹೇಳಲಿ. ಬೆಂಚಿನ ಮೇಲೆ ಕುಳಿತು ನಾಲ್ಕು ಆಟಗಳ ಲೆಕ್ಕವನ್ನು ಇಟ್ಟ ಹುಡುಗಿಗೆ ಅಂಗಳದ ಕಿಂಡಿಗಳು ಆಡುವವರಿಗಿಂತ ಚೆನ್ನಾಗಿ ತಿಳಿದಿರುತ್ತವೆ. ಐದನೆಯ ಆಟದಲ್ಲಿ ಅವಳನ್ನು ಹತ್ತು ನಿಮಿಷ ಇಳಿಸಿದರೆ ನಷ್ಟವೇನೂ ಇಲ್ಲ.

ಇನ್ನು ಲವಲವಿಕೆಯ ಮಾತು. ಹುಡುಗಿಯರು ಉತ್ಸಾಹವಿಲ್ಲದೆ ಆಡಿದರೆಂದು ಗದರಿಸುವುದಕ್ಕೆ ಮೊದಲು ಅವರು ಬೆಳಗ್ಗೆ ಏನನ್ನು ಉಂಡಿದ್ದರೆಂದು ಕೇಳಬೇಕು. ಚಿತ್ರದುರ್ಗದ ಸೀಮೆ ಬಿಸಿಲಿನ ಸೀಮೆ, ಮಳೆ ಕಡಮೆ. ಮಾರ್ಚಿ ಏಪ್ರಿಲಿನಲ್ಲಿ ಕಾದ ಸಿಮೆಂಟಿನ ಅಂಗಳದ ಮೇಲೆ 40 ನಿಮಿಷ ಓಡುವುದು ಸುಲಭವಲ್ಲ. ಹೊತ್ತಿಗೆ ಮೊದಲು ಎದ್ದು, ಬಸ್ಸಿನಲ್ಲಿ ನಿಂತು ಪಯಣಿಸಿ, ಮರುದಿನದ ಪರೀಕ್ಷೆಯ ಚಿಂತೆಯನ್ನು ತಲೆಯಲ್ಲಿ ಹೊತ್ತು ಬಂದ ಮಕ್ಕಳ ಮುಖದಲ್ಲಿ ಕಳೆ ಎಲ್ಲಿಂದ ಬರಬೇಕು? ಕುಡಿಯುವ ನೀರು, ಒಂದಿಷ್ಟು ನೆರಳು, ಆಟಕ್ಕೆ ಎರಡು ಗಂಟೆ ಮೊದಲು ಹಗುರವಾದ ಊಟ, ಪಾದದಿಂದ ಪಾದಕ್ಕೆ ಆಟಗಾರರ ಬದಲಾವಣೆ: ಇವುಗಳಿಂದ ಬರುವ ಚುರುಕು ಬೈಗುಳದಿಂದ ಬರುವುದಿಲ್ಲ. ಉತ್ಸಾಹವೆಂಬುದು ಗುಣವೂ ಹೌದು. ಆದರೆ ಅರ್ಧಪಾಲು ಅನ್ನ, ನೀರು ಮತ್ತು ನಿದ್ರೆ.

ಆದುದರಿಂದ ಕಳೆಯಿಲ್ಲದ ಗೆಲುವನ್ನು ಕಂಡಾಗ ನಾವು ಮಾಡತಕ್ಕದ್ದು ಇಷ್ಟು. ಜಯವನ್ನು ಜಯವೆಂದು ಒಪ್ಪಿಕೊಂಡು ಮಕ್ಕಳ ಬೆನ್ನು ತಟ್ಟೋಣ. ಅವರು ಕದ್ದು ತಂದುದಲ್ಲ, ಆಡಿ ತಂದುದು. ಆಮೇಲೆ ಕಾರಣವನ್ನು ಹುಡುಕೋಣ. ಎದುರಾಳಿಯ ದೌರ್ಬಲ್ಯದಿಂದ ಬಂದುದಾದರೆ ಹಿಗ್ಗದಿರೋಣ. ಅದೃಷ್ಟದಿಂದ ಬಂದುದಾದರೆ ನೆಚ್ಚದಿರೋಣ. ಅಭ್ಯಾಸಬಲದಿಂದ ಬಂದುದಾದರೆ, ಜನ ಅದನ್ನು ಸಪ್ಪೆಯೆಂದರೂ, ಆ ಬಲವನ್ನು ಜೋಪಾನ ಮಾಡೋಣ. ಈ ಮೂರನ್ನು ಬೇರೆಬೇರೆಯಾಗಿ ನೋಡಬಲ್ಲ ಕಣ್ಣು ಊರಿಗೊಬ್ಬರಿಗೆ ಇದ್ದರೂ ಸಾಕು, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಅಂಗಳಗಳಲ್ಲಿ ಬೆಂಚಿನ ಮೇಲೆಯೇ ಕುಳಿತು ಶಾಲೆಯನ್ನು ಮುಗಿಸುವ ಮಕ್ಕಳ ಸಂಖ್ಯೆ ಕಡಮೆಯಾದೀತು.

ಮುಂದಿನ ಬಾರಿ ಊರಿನ ತಂಡ ಗೆದ್ದು ಬಂದಾಗ, ಎಷ್ಟು ಅಂಕಗಳಿಂದ ಗೆದ್ದಿರೆಂದು ಕೇಳಿದಮೇಲೆ, ಯಾರು ಯಾರು ಆಡಿದಿರಿ ಎಂದೂ ದಯವಿಟ್ಟು ಕೇಳಿ.